ಪಕ್ಕದ ಮನೆಯ ಗಲಾಟೆಗೆ ಯಾರು ಹೊಣೆ?

ಹಾಸನ ತಾಲ್ಲೂಕಿನ ಕೊರವಂಗಲ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1173ರ ಹೊಯ್ಸಳರ ಬೂಚೇಶ್ವರ ದೇವಾಲಯ. ದೇವಾಲಯ ಹಾಗಿರಲಿ. ಆ ಸುತ್ತಿನ ಯಾವುದಾದರೂ ಊರಿನ ಅಂಚಿನಲ್ಲಿ ಸರ್ಕಾರದ ನೆರವಿನಿಂದ ಎದ್ದ ಮನೆಗಳ ಸಾಲೊಂದನ್ನು ಊಹಿಸಿಕೊಳ್ಳಿ. ಎರಡು ಮನೆಗಳ ನಡುವೆ ಮೊಳದಗಲದ ಸಂದಿ. ಈಚೆ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಆಚೆ ಮನೆಯ ಯಜಮಾನ ರಾತ್ರಿ ಕುಡಿದು ಬರುತ್ತಾನೆ, ಸೌಂಡ್ ಬಾಕ್ಸ್ ಜೋರಾಗಿ ಹಾಕುತ್ತಾನೆ, ಕೇಳಲು ಹೋದವರನ್ನು ಬೈಯುತ್ತಾನೆ, ಒಳಗೆ ಹೋಗಿ ಹೆಂಡತಿಯನ್ನು ಹೊಡೆಯುತ್ತಾನೆ. ಬೆಳಿಗ್ಗೆ ಹುಡುಗಿಯ ಅಪ್ಪ ಪಂಚಾಯಿತಿ ಕಚೇರಿಯ ಮುಂದೆ ನಿಂತು ಕೇಳುವುದು ಒಂದೇ ಮಾತು: ‘ಸ್ವಾಮಿ, ಮನೆ ಕೊಟ್ಟೋರು ನೀವೇ ತಾನೇ? ಅವನನ್ನ ಅಲ್ಲಿಂದ ಬಿಡಿಸಿ.’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆ ಕೊಟ್ಟವರು ಮನೆಯ ಮಾಲೀಕರೆ? ಕರ್ನಾಟಕದಲ್ಲಿ ಬಡವರ ವಸತಿಯ ದಾರಿಯೇ ಬೇರೆ. 1991–92ರಲ್ಲಿ ಆಶ್ರಯ ಯೋಜನೆ ಶುರುವಾಯಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂತು. ಇಲ್ಲಿ ಸರ್ಕಾರ ಬಾಡಿಗೆ ವಸೂಲು ಮಾಡುವುದಿಲ್ಲ. ಹಕ್ಕುಪತ್ರ, ಸಹಾಯಧನ ಕೊಟ್ಟು ಕೈಬಿಡುತ್ತದೆ, ಮನೆ ಫಲಾನುಭವಿಯದೇ ಆಗುತ್ತದೆ. ಸರ್ಕಾರಿ ನೌಕರರ ಕ್ವಾರ್ಟರ್ಸ್‌ಗಳಲ್ಲಾದರೆ ಇಲಾಖೆಯೇ ಮಾಲೀಕ, ಅಲ್ಲಿನ ಮಾತು ಬೇರೆ. ಹಕ್ಕುಪತ್ರದ ಮನೆಯಲ್ಲಿ ಮಾತ್ರ ‘ಗಲಾಟೆ ಮಾಡಿದರೆ ಖಾಲಿ ಮಾಡಿಸುತ್ತೇವೆ’ ಎನ್ನುವ ಯಜಮಾನ ಯಾರೂ ಇಲ್ಲ.

ಅಂಥ ಯಜಮಾನ ಇರುವ ದೇಶ ಬ್ರಿಟನ್. ಅಲ್ಲಿ ನಗರಸಭೆಗಳೂ ವಸತಿ ಸಂಘಗಳೂ ಕಡಿಮೆ ಬಾಡಿಗೆಗೆ ಮನೆ ಕೊಡುತ್ತವೆ, ಮಾಲೀಕತ್ವ ಬಿಡುವುದಿಲ್ಲ. 1996ರ ವಸತಿ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ನಗರಸಭೆ ಹೊಸ ಬಾಡಿಗೆದಾರನನ್ನು ಮೊದಲ ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಳ್ಳಬಹುದು. ಬಾಡಿಗೆದಾರನಷ್ಟೇ ಅಲ್ಲ, ಅವನ ಮನೆಗೆ ಬಂದುಹೋಗುವವರು ನೆರೆಯವರಿಗೆ ಕಾಟ ಕೊಟ್ಟರೂ ನ್ಯಾಯಾಲಯದ ಮೂಲಕ ಮನೆ ಬಿಡಿಸಬಹುದು. ದೂರು ಕೊಡಲು ಬಂದವರ ಕೈಗೆ ಮೊದಲು ಒಂದು ಹಾಳೆ ಕೊಡುತ್ತಾರೆ: ಯಾವ ದಿನ, ಎಷ್ಟು ಗಂಟೆಗೆ, ಏನಾಯಿತು ಎಂದು ಬರೆದಿಡಲು. ಬರವಣಿಗೆ ಇಲ್ಲದ ದೂರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಇದು ನಮ್ಮವರೂ ಕಲಿಯಬೇಕಾದ ಅಭ್ಯಾಸ. (ಆದರೆ ಆ ಲೆಕ್ಕ ಬರೆಯುವ ಕೆಲಸವನ್ನು ಓದುವ ಮಕ್ಕಳಿಗೆ ಹಚ್ಚಬಾರದು!) ಸಿಂಗಪುರದವರಂತೂ 1980ರ ದಶಕದಲ್ಲಿ ಸರ್ಕಾರಿ ವಸತಿಯ ಲಿಫ್ಟ್‌ಗಳಲ್ಲಿ ಮೂತ್ರ ಪತ್ತೆ ಹಚ್ಚುವ ಯಂತ್ರವನ್ನೇ ಕೂರಿಸಿದ್ದರು. ಮೂತ್ರ ಮಾಡಿದವನು ಲಿಫ್ಟ್ ಒಳಗೇ ಸಿಕ್ಕಿಬೀಳುತ್ತಿದ್ದ.

ಹಾಗಾದರೆ ಯಜಮಾನನಿದ್ದರೆ ಎಲ್ಲ ಸರಿಹೋಗುತ್ತದೆಯೆ? ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದ ಒಂದು ಪ್ರಕರಣ ಓದಿದರೆ ಮೈ ಜುಂ ಎನ್ನುತ್ತದೆ. ನಗರಸಭೆಯ ಮನೆಯಲ್ಲಿದ್ದ ಒಬ್ಬರು 1994ರ ಡಿಸೆಂಬರಿನಲ್ಲಿ ಪಕ್ಕದ ಮನೆಯವನಿಗೆ ಸದ್ದು ಕಡಿಮೆ ಮಾಡು ಎಂದರು. ಅಲ್ಲಿಂದ ಆರು ವರ್ಷಕ್ಕೂ ಮೀರಿ ಬೈಗುಳ, ಬೆದರಿಕೆ. 2001ರ ಜುಲೈ 31ರಂದು ಅಧಿಕಾರಿಗಳು ಆ ಪಕ್ಕದ ಮನೆಯವನನ್ನು ಕಚೇರಿಗೆ ಕರೆಸಿ, ಹೀಗೇ ಆದರೆ ಮನೆ ಹೋಗುತ್ತದೆ ಎಂದು ಎಚ್ಚರಿಸಿದರು. ಆತ ನೇರವಾಗಿ ಮನೆಗೆ ಬಂದು ದೂರು ಕೊಟ್ಟವರ ಮೇಲೆ ಎರಗಿದ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಸಭೆಯ ಸಂಗತಿಯನ್ನು ಮುಂಚೆಯೇ ತಿಳಿಸಿದ್ದರೆ ಹುಷಾರಾಗಿರುತ್ತಿದ್ದರು ಎಂದು ಮನೆಯವರು ದಾವೆ ಹೂಡಿದರು. ಬಾಡಿಗೆಗೆ ಕೊಟ್ಟ ಸಂಸ್ಥೆಗೆ ಹಾಗೆ ಎಚ್ಚರಿಸುವ ಕರ್ತವ್ಯ ಕಾನೂನಿನಲ್ಲಿಲ್ಲ ಎಂದು 2009ರಲ್ಲಿ ಬ್ರಿಟನ್ನಿನ ಅತ್ಯುನ್ನತ ಪೀಠ ತೀರ್ಪಿತ್ತಿತು. ದಾವೆ ಬಿದ್ದುಹೋಯಿತು.

ಅದೇ ಸ್ಕಾಟ್‌ಲೆಂಡಿನ ಡಂಡಿ ನಗರ 1990ರ ದಶಕದ ಮಧ್ಯದಲ್ಲಿ ಬೇರೊಂದು ದಾರಿ ಹಿಡಿಯಿತು. ಗಲಾಟೆಯಿಂದಾಗಿ ಮನೆ ಕಳೆದುಕೊಂಡಿದ್ದ, ಕಳೆದುಕೊಳ್ಳುವ ಅಂಚಿನಲ್ಲಿದ್ದ ಕುಟುಂಬಗಳನ್ನು ಬೀದಿಗೆ ಹಾಕುವ ಬದಲು ಕೆಲವರನ್ನು ಸಿಬ್ಬಂದಿ ಇರುವ ಕಟ್ಟಡದಲ್ಲಿ ಇರಿಸಿಕೊಂಡರು. ಉಳಿದವರ ಮನೆಗೇ ಹೋದರು. ಕುಡಿತ ಬಿಡಿಸುವುದು, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಕಳಿಸುವುದು, ಕೂಗಾಡದೆ ಮಕ್ಕಳನ್ನು ಸಂಭಾಳಿಸುವುದು, ಎಲ್ಲಕ್ಕೂ ಜೊತೆ ನಿಂತರು. ಮನೆಯಿಂದ ಹೊರಹಾಕಿದ ಕುಟುಂಬ ಇನ್ನೊಂದು ಬೀದಿಗೆ ಹೋಗಿ ಅದನ್ನೇ ಮಾಡುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು.

ಮತ್ತೆ ನಮ್ಮ ಸಾಲುಮನೆಗೆ ಬರೋಣ. ಕರ್ನಾಟಕದಲ್ಲಿ ಇಂಥ ಮನೆಗಳು ಸಾಮಾನ್ಯವಾಗಿ ಹೆಂಗಸರ ಹೆಸರಿನಲ್ಲಿ ಮಂಜೂರಾಗುತ್ತವೆ. ಗಂಡನ ಗಲಾಟೆಗೆ ಮನೆ ಕಿತ್ತುಕೊಳ್ಳುವ ಅಧಿಕಾರ ಪಂಚಾಯಿತಿಗೆ ಇದ್ದಿದ್ದರೆ ಬೀದಿಗೆ ಬೀಳುತ್ತಿದ್ದವಳು ಏಟು ತಿಂದ ಹೆಂಡತಿಯೇ. ಆ ಅಧಿಕಾರ ಇಲ್ಲದಿರುವುದೇ ವಾಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಅದಕ್ಕಿಂತ ಹದವಾದ ಅಸ್ತ್ರವಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಹೊಡೆಯುವ ಗಂಡ ಮಾತ್ರ ಮನೆಯಿಂದ ಹೊರಗೆ ಹೋಗಲಿ ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಹೆಂಡತಿ ಮಕ್ಕಳು ಅಲ್ಲೇ ಉಳಿಯುತ್ತಾರೆ. ಸಂರಕ್ಷಣಾಧಿಕಾರಿಗೆ, ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಸುದ್ದಿ ಮುಟ್ಟಿಸಲು ನೆಂಟರೇ ಆಗಬೇಕಿಲ್ಲ. ನೆರೆಯವರೂ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ‘ಗಂಡ ಹೆಂಡಿರ ಜಗಳ, ನಮಗೇಕೆ’ ಎಂದು ಕದ ಹಾಕಿಕೊಳ್ಳುವ ಮುಂಚೆ ಇಷ್ಟು ಗೊತ್ತಿರಬೇಕು.

ಇನ್ನು ಸೌಂಡ್ ಬಾಕ್ಸಿನ ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಮೀರಿದರೆ 112ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಬಹುದು. ಓಣಿಗೆಲ್ಲ ತಲೆನೋವಾದ ಉಪದ್ರವವನ್ನು ನಿಲ್ಲಿಸಲು ತಹಶೀಲ್ದಾರರಿಗೂ ಅಧಿಕಾರವಿದೆ. ಅಲ್ಲಿಗೆ ಹೋಗುವಾಗ ಹುಡುಗಿಯ ಅಪ್ಪ ಒಬ್ಬನೇ ಹೋಗಬಾರದು. ಓಣಿಯ ನಾಲ್ಕು ಮನೆಯವರ ಸಹಿ, ತಾರೀಖು ಸಮಯ ಬರೆದ ಹಾಳೆ ಜೊತೆಗಿರಲಿ. 

ಆಚೆ ಮನೆಯಲ್ಲೂ ಒಬ್ಬ ಹುಡುಗನಿದ್ದಾನೆ ಎನ್ನಿ. ಅವನದೂ ಅದೇ ಹತ್ತನೇ ಕ್ಲಾಸು. ಸದ್ದು ನಿಂತ ಮೇಲೂ ಅವನ ರಾತ್ರಿ ಮುಗಿಯುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಅವನೇ ಫೋನ್ ಮಾಡಬಹುದು, ಮೇಷ್ಟರೂ ಮಾಡಬಹುದು. ಪರೀಕ್ಷೆ ಮುಗಿಯುವವರೆಗೆ ಸಂಜೆ ಹೊತ್ತು ಈಚೆ ಮನೆಯ ಪಡಸಾಲೆಯಲ್ಲಿ ಅವನಿಗೂ ಒಂದು ಚಾಪೆ ಹಾಕಿಕೊಡಬಹುದು.