ಚಿತ್ರಪಟ ವಿಚಾರ: ತೋರಿಸಲಾಗದ ಒಂದು ಚಿತ್ರ

ಮುಂದೆ ಬರಲಿರುವ ಚಿತ್ರಪಟಗಳ ಸಮಾಚಾರವನ್ನು ನಮ್ಮ ವಾಚಕರಿಗೆ ಮುಟ್ಟಿಸುವುದು ಈ ಅಂಕಣದ ವಾಡಿಕೆ. ಈ ಸಲ ಮಾತ್ರ ಕೆಲವು ವರ್ಷ ದೂರವಿರುವ ಒಂದು ದಿನವನ್ನು ಕುರಿತು ಬಿನ್ನವಿಸಬೇಕೆಂದಿರುವೆವು. 2034ನೆಯ ಇಸವಿ ಮಾರ್ಚ್ 3ನೆಯ ತಾರೀಖಿಗೆ ಕನ್ನಡ ವಾಕ್ಚಿತ್ರಕ್ಕೆ ನೂರು ವರ್ಷ ತುಂಬುವುದು. 1934ರಲ್ಲಿ ಅದೇ ದಿನ ಬೆಂಗಳೂರಿನಲ್ಲಿ “ಸತೀ ಸುಲೋಚನಾ” ತೆರೆಗೆ ಬಂದಿತು. ನಿರ್ದೇಶಕರು ವೈ. ವಿ. ರಾಯರು, ಸುಬ್ಬಯ್ಯ ನಾಯುಡುಗಳು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬೆಯವರು ಸುಲೋಚನೆ. ಚಿತ್ರ ತಯಾರಾದುದು ಕೊಲ್ಲಾಪುರದಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದ ಆ ಕಾಲದಲ್ಲಿ ಆ ಸೀಮೆ ನಮ್ಮ ಹಿರಿಯರಿಗೆ ಪರಸ್ಥಳವೇನೂ ಆಗಿರಲಿಲ್ಲ.

ಶತಮಾನೋತ್ಸವಕ್ಕೆ ಗದಗ-ಬೆಟಗೇರಿಯಲ್ಲಿಯೂ ಮುಂಡರಗಿಯಲ್ಲಿಯೂ ಈ ಚಿತ್ರವನ್ನು ತೋರಿಸಬಾರದೇಕೆಂದು ಕೇಳುವಿರಿ. ತೋರಿಸಲು ಚಿತ್ರವೇ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಆಗಿನ ಸುರುಳಿಗಳು ನೈಟ್ರೇಟಿನವು. ಕಿಡಿ ತಾಕಿದರೆ ಭುಗಿಲೆಂದು ಉರಿಯತಕ್ಕವು, ಸೆಕೆಯಲ್ಲಿಟ್ಟರೆ ತಾವಾಗಿಯೇ ಕರಗಿ ಪುಡಿಯಾಗತಕ್ಕವು. ಇವುಗಳಿಂದ ಪಾರಾದ ಎಷ್ಟೋ ಚಿತ್ರಗಳನ್ನು ವ್ಯಾಪಾರಿಗಳು ಕರಗಿಸಿ, ಒಳಗಿನ ಚೂರು ಬೆಳ್ಳಿಯನ್ನು ಮಾರಿಕೊಂಡರು. ಅಜ್ಜಿಯ ಜರಿಸೀರೆಯನ್ನು ಸುಟ್ಟು ಬೆಳ್ಳಿ ತೆಗೆದ ಮನೆಗಳನ್ನು ನಾವು ಕಂಡಿದ್ದೇವೆ. ಇದೂ ಅಂಥದೇ ಲೆಕ್ಕಾಚಾರ.

ಉಳಿದುದನ್ನು ಕಾಯಲು 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಅದನ್ನು ಕಟ್ಟಿದ ಪಿ. ಕೆ. ನಾಯರರು ಮನೆಮನೆಗೆ ಅಲೆದರು. ಫಾಳ್ಕೆಯವರ ಚಿತ್ರಗಳ ಸುರುಳಿಗಳು ದೊರೆತುದು ಅವರ ಕುಟುಂಬದವರ ಬಳಿಯಲ್ಲಿಯೇ. ಮುಂಬಯಿಯ ಪೆಡ್ಡರ್ ರಸ್ತೆಯ ಗುಲ್ಶನ್ ಮಹಲಿನಲ್ಲಿ 2019ರ ಜನವರಿ 19ರಂದು ಭಾರತೀಯ ಸಿನೆಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಉದ್ಘಾಟನೆಯಾಯಿತು. ಮುಂಬಯಿಗೆ ನೆಂಟರ ಮನೆಗೆ ಹೋಗುವವರು ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಬೇಕು. ಸಮುದ್ರದ ಗಾಳಿ ಮರುದಿನವೂ ಸಿಕ್ಕೀತು.

ನಮ್ಮ ಊರಿನವರಿಗೆ ಇದರಲ್ಲಿ ಬೇರೊಂದು ಹಕ್ಕೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಅವರ ಚರಿತ್ರೆ 1995ರಲ್ಲಿ ಕಣ್ಣಿದ್ದವರ ನೋಟಕ್ಕೆ ಬಂದಿತು. ಚಿಂದೋಡಿ ಬಂಗಾರೇಶರ ಆ ಚಿತ್ರಕ್ಕೆ ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯರಿಗೂ ರಾಷ್ಟ್ರಪ್ರಶಸ್ತಿಗಳು ಸಂದವು. ನಾಟಕ ಕಂಪನಿಯ ಮನೆತನದವರೇ ಈ ಚಿತ್ರ ತೆಗೆದುದು ನಮಗೆ ಒಪ್ಪಿತವಾಯಿತು. ಆಶ್ರಮದ ಮಕ್ಕಳ ಅನ್ನಕ್ಕೆ ಆಸರೆಯಾದುದೂ ಅದರ ನಾಟಕ ಕಂಪನಿಯೇ ಅಲ್ಲವೆ? ಊರಿನ ಯಾವುದಾದರೂ ಸಂಘವು ಇದನ್ನು ಮತ್ತೆ ತೋರಿಸುವುದಾದರೆ ಮೊದಲ ಸಾಲಿನಲ್ಲಿ ನಾವಿರುವೆವು.

ಇನ್ನು ನಮ್ಮ ಬೇಡಿಕೆ. ಗದಗು ಮುದ್ರಣ ಕಾಶಿ. ನಾಟಕ, ಬೋಲಪಟಗಳ ಹಳೆಯ ಹಸ್ತಪತ್ರಿಕೆಗಳು, ಹಾಡಿನ ಪುಸ್ತಕಗಳು, ನಟರ ಭಾವಚಿತ್ರಗಳು ಯಾರದೋ ಅಟ್ಟದಲ್ಲಿ, ಯಾವುದೋ ಟ್ರಂಕಿನ ತಳದಲ್ಲಿ ಇದ್ದೇ ಇರಬೇಕು. ಚಿತ್ರ ಹೋದ ಮೇಲೆ ಅದರ ಗುರುತು ಹೇಳುವವು ಇಂಥ ಕಾಗದಗಳೇ. ದೀಪಾವಳಿಯ ಸಾರಣೆ ಕಾರಣೆಯಲ್ಲಿ ಇವನ್ನು ರದ್ದಿಗೆ ಹಾಕಬೇಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಬಿಸಿಲಿಗೂ ಹಸಿಗೂ ದೂರವಾಗಿ ಚೊಕ್ಕ ಕಾಗದದಲ್ಲಿ ಸುತ್ತಿಡಿರಿ. ಹಳೆಯ ಸುರುಳಿಯೇ ದೊರೆತರಂತೂ ದೀಪದ ಬಳಿ ಒಯ್ಯಬಾರದು, ಯಂತ್ರಕ್ಕೆ ಹಾಕಿ ನೋಡುವ ಚಪಲವೂ ಬೇಡ. ಪುಣೆಯವರಿಗೆ ಬರೆದು ಕೇಳಿರಿ.

ನಮ್ಮ ಮನೆಯ ಅಟ್ಟವನ್ನೂ ಬರುವ ಆದಿತ್ಯವಾರ ಇಳಿಸಬೇಕೆಂದಿರುವೆವು. ಮನೆಯವರ ಸಮ್ಮತಿ ಇನ್ನೂ ದೊರೆತಿಲ್ಲ.