ಸೀಟು ಸರಿಯಿದೆಯೇ, ನೋಡಿದ್ದೀರಾ?

ಕಳೆದ ಜೂನ್‌ನಲ್ಲಿ ಶಾಲೆ ಸುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ನನ್ನ ಕಿರಿಮಗಳು “ಅಮ್ಮಾ, ಇನ್ನು ಸೈಕಲ್‌ನಲ್ಲಿ ಹೋಗುದಿಲ್ಲ” ಎಂದು ಹಟ ಹಿಡಿದಳು. ಸೋಮಾರಿತನವೆಂದು ಗದರಿಸಿದೆ. ರಾತ್ರಿ ಜಡೆ ಹಾಕುವಾಗ ಮೆಲ್ಲಗೆ ಹೇಳಿದಳು: “ಕೂರುವಲ್ಲಿ ಉರಿಯುತ್ತದಮ್ಮ. ಅಪ್ಪನ ಹತ್ತಿರ ಹೇಗೆ ಹೇಳುದು?” ನನ್ನ ಕರುಳು ಚುರುಕ್ಕೆಂದಿತು.

ಅದು ಅವಳ ಅಕ್ಕನ ಸೈಕಲ್ಲು. 2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚುತ್ತಿತ್ತಲ್ಲ, ಅದರಲ್ಲಿ ಬಂದದ್ದು. ಕೋವಿಡ್ ಸಮಯದಲ್ಲಿ ಆ ಹಂಚಿಕೆ ನಿಂತಿತು, ಹಳೆಯದೇ ತಂಗಿಗೆ ಬಂತು. ಆದರೆ ಉದ್ದ ಕಾಲಿನ ಅಕ್ಕನಿಗೆಂದು ಏರಿಸಿದ್ದ ಸೀಟನ್ನು ನಾವು ಇಳಿಸಿಯೇ ಇರಲಿಲ್ಲ! ಸೀಟು ಎತ್ತರವಾದರೆ ಪೆಡಲು ಎಟುಕಿಸಲು ಸೊಂಟ ಆಚೀಚೆ ವಾಲುತ್ತದೆ, ಚರ್ಮ ಉಜ್ಜಿ ಉರಿಯುತ್ತದೆ.

ಸರಿಮಾಡುವುದು ಸುಲಭ. ಪೆಡಲು ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅಷ್ಟೇ ಎತ್ತರ ಸಾಕು. ಸೀಟಿನ ಮೇಲೆ ಅಡಿಕೋಲಿಟ್ಟು ನೋಡಿ, ಮಟ್ಟಸವಾಗಿರಬೇಕು. ಮೂತಿ ಮೇಲೆದ್ದಿದ್ದರೆ ಎದುರುಗಡೆ ಒತ್ತುತ್ತದೆ. ಹೆಂಗಸರಿಗೆ ಕೂರುವ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು, ಹಾಗಾಗಿ ಹಿಂಭಾಗ ಅಗಲವಿರುವ ಸೀಟು ಒಳ್ಳೆಯದು. ತೀರಾ ಮೆತ್ತಗಿನ ಸ್ಪಂಜು ಬೇಡ. ಎಲುಬು ಅದರಲ್ಲಿ ಹುಗಿದು ನಡುವಿನ ಮೃದು ಭಾಗಕ್ಕೆ ಒತ್ತಡ ಬೀಳುತ್ತದೆ. ಮಳೆಗಾಲದಲ್ಲಿ ಒದ್ದೆ ಒಳಉಡುಪಿನಲ್ಲೇ ದಿನವಿಡೀ ಕೂರಿಸಬೇಡಿ, ಚೀಲದಲ್ಲಿ ಒಂದು ಒಣಗಿದ್ದು ಇಟ್ಟುಕೊಡಿ. ಕುರು ಎದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಸೀಟನ್ನು ಸ್ಪ್ಯಾನರ್ ಹಿಡಿದು ಸರಿಮಾಡಿದೆವು. ರಸ್ತೆಯನ್ನು ಹೇಗೆ ಸರಿಮಾಡುವುದು ಹೇಳಿ? ಕಾಪುವಿನಲ್ಲಿ ಮಕ್ಕಳು ರಾಷ್ಟ್ರೀಯ ಹೆದ್ದಾರಿ 66 ದಾಟಬೇಕು. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಬಸ್ಸುಗಳು ಬೆನ್ನಿಗೇ ಹಾರ್ನ್ ಬಾರಿಸುತ್ತವೆ. ಕಾರ್ಕಳದ ಕಡೆಯ ತಿರುವುಗಳಲ್ಲಿ ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ, ಡಾಮರಿನಿಂದ ಚಕ್ರ ಜಾರಿದರೆ ಬಿದ್ದಂತೆಯೇ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ದಾರಿ ಬಿಟ್ಟರು. ಆದರೆ ಕಂಬಗಳು ಕಿತ್ತುಹೋದಲ್ಲಿ ಬೈಕುಗಳು ನುಗ್ಗಿದವು. ಅಂದರೆ ಬರೀ ಗೆರೆ, ಕಂಬ ಸಾಲದು. ಗಟ್ಟಿ ಕಟ್ಟೆಯೇ ಬೇಕು. ಅಷ್ಟಾಗುವ ತನಕ ಶಾಲೆಯ ಹತ್ತಿರವಾದರೂ ಅಂಚಿಗೆ ಮಣ್ಣು ತುಂಬಿಸಿ, ವಾಹನದ ವೇಗ ತಗ್ಗಿಸಿ ಎಂದು ಪುರಸಭೆಯಲ್ಲಿ, ಗ್ರಾಮಸಭೆಯಲ್ಲಿ ನಾವೇ ಎದ್ದು ಕೇಳೋಣ. ನಾಲ್ಕು ತಾಯಂದಿರು ಒಟ್ಟಿಗೆ ಹೋದರೆ ಮಾತಿಗೆ ತೂಕ ಬರುತ್ತದೆ.

ಮಗಳೀಗ ಬೆಲ್ ಬಾರಿಸಿಕೊಂಡು ಹೋಗುತ್ತಾಳೆ. ಹೆದ್ದಾರಿ ದಾಟಿಸಲು ಮಾತ್ರ ಬೆಳಿಗ್ಗೆ ದೋಸೆಕಾವಲಿ ಇಳಿಸಿ ನಾನೂ ಓಡುತ್ತೇನೆ.

ನಿಮ್ಮ ಮಗಳೂ ಸೈಕಲ್ ಮೂಲೆಗಿಟ್ಟಿದ್ದಾಳೆಯೇ? ಗದರಿಸಬೇಡಿ. ಇಂದು ರಾತ್ರಿ ಜಡೆ ಹಾಕುವಾಗ ಕೇಳಿ ನೋಡಿ.