ಲಸಿಕೆಗೆ ಮೊದಲಿಗರು, ಪ್ರಯೋಗಕ್ಕೆ ಕೊನೆಯವರು

ರಾಯಚೂರು: ಕೋವಿಡ್ ಲಸಿಕೆ ವಿತರಣೆಯಲ್ಲಿ ಜನಸಾಮಾನ್ಯರ ಪೈಕಿ ಮೊದಲ ಸರದಿ ಬಂದದ್ದು 60 ವರ್ಷ ಮೀರಿದವರಿಗೆ. 2021ರ ಮಾರ್ಚ್ 1ರಿಂದ ಅವರಿಗೆ ಲಸಿಕೆ ಆರಂಭವಾಯಿತು. ಆದರೆ ಆ ಲಸಿಕೆಗಳನ್ನು ಒರೆಗೆ ಹಚ್ಚಿದ ಪ್ರಯೋಗಗಳಲ್ಲಿ ಅದೇ ವಯೋಮಾನದವರ ಪಾಲು ಅತ್ಯಲ್ಪವಾಗಿತ್ತು.

ಕೋವ್ಯಾಕ್ಸಿನ್ ಪ್ರಯೋಗದ ಅಂಕಿ ಅಂಶಗಳೇ ಇದಕ್ಕೆ ಸಾಕ್ಷಿ. 2020ರ ಜುಲೈನಲ್ಲಿ ಆರಂಭವಾದ ಮೊದಲ ಹಂತಕ್ಕೆ ಆಯ್ಕೆಯಾದ 375 ಮಂದಿಯಲ್ಲಿ 55 ವರ್ಷ ದಾಟಿದವರು ಒಬ್ಬರೂ ಇರಲಿಲ್ಲ. ನವೆಂಬರ್‌ನಲ್ಲಿ ಶುರುವಾದ ಮೂರನೇ ಹಂತದಲ್ಲಿ ವಯಸ್ಸಿನ ಮಿತಿ ಸಡಿಲವಾಯಿತು. 98 ವರ್ಷದವರೂ ಪಾಲ್ಗೊಂಡರು. ಆದರೂ ಸುಮಾರು 25,800 ಮಂದಿಯಲ್ಲಿ 60 ಮೀರಿದವರು 2,433 ಮಾತ್ರ. ಒಟ್ಟಾರೆ ಪರಿಣಾಮಕಾರಿತ್ವ ಶೇ 77.8 ಎಂದು ವರದಿಯಾಯಿತು. ಹಿರಿಯರಲ್ಲಿ ಅದು ಶೇ 67.8. ಈ ಎರಡನೇ ಅಂಕಿಯ ಸಂಭವನೀಯ ವ್ಯಾಪ್ತಿ ಶೇ 8ರಿಂದ 90ರವರೆಗೆ ಹರಡಿತ್ತು. ಇದು ಲಸಿಕೆ ದುರ್ಬಲ ಎಂಬುದಕ್ಕೆ ಪುರಾವೆಯಲ್ಲ. ಖಚಿತವಾಗಿ ಹೇಳಲು ಬೇಕಾದಷ್ಟು ಹಿರಿಯರು ಪ್ರಯೋಗದಲ್ಲಿ ಇರಲಿಲ್ಲ ಎಂದಷ್ಟೇ ಅರ್ಥ. ಇದೇ ಕೊರತೆಯ ಕಾರಣಕ್ಕೆ 2021ರ ಜನವರಿಯಲ್ಲಿ ಜರ್ಮನಿಯ ತಜ್ಞರ ಸಮಿತಿಯು ಆಸ್ಟ್ರಾಜೆನೆಕಾ ಲಸಿಕೆಯನ್ನು 65 ಮೀರಿದವರಿಗೆ ಶಿಫಾರಸು ಮಾಡಲಿಲ್ಲ. ಮಾರ್ಚ್‌ನಲ್ಲಿ ನಿಲುವು ಬದಲಿಸಿತು.

ಹಾಗಾದರೆ ಹಿರಿಯರು ತಾವಾಗಿಯೇ ಮುಂದೆ ಬರಬಹುದಿತ್ತಲ್ಲವೇ? ದೇವದುರ್ಗ ಅಥವಾ ಮಾನ್ವಿಯಲ್ಲಿ ಕುಳಿತವರಿಗೆ ಈ ಪ್ರಶ್ನೆ ಅಷ್ಟು ಸರಳವಲ್ಲ. ರಾಜ್ಯದಲ್ಲಿ ಪ್ರಯೋಗ ಕೇಂದ್ರಗಳಾಗಿ ಹೆಸರು ಕೇಳಿಬಂದದ್ದು ಬೆಳಗಾವಿಯ ಜೀವನ್ ರೇಖಾ, ಬೆಂಗಳೂರಿನ ವೈದೇಹಿ ಮತ್ತು ಕೋವಿಶೀಲ್ಡ್‌ಗೆ ಮೈಸೂರಿನ ಜೆಎಸ್‌ಎಸ್ ಸಂಸ್ಥೆಗಳು. ಎರಡು ಡೋಸ್‌ಗಳ ನಡುವೆ 28 ದಿನ, ಬಳಿಕ ರಕ್ತ ಪರೀಕ್ಷೆ, ತಿಂಗಳುಗಟ್ಟಲೆ ನಿಗಾ. ಜಿಲ್ಲಾ ಕೇಂದ್ರಕ್ಕೆ ಬರುವುದೇ ಒಂದು ದಿನದ ಕೆಲಸವಾಗಿರುವ ಮಂಡಿನೋವಿನ ವೃದ್ಧರಿಗೆ ಇಂಥ ಅಲೆದಾಟ ಆಗದ ಮಾತು.

ಎರಡನೆಯದು ಒಪ್ಪಿಗೆಯ ಪ್ರಶ್ನೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56; ಹಿರಿಯರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇನ್ನೂ ಕಡಿಮೆ. ಓದಲು ಬಾರದವರು ಭಾಗವಹಿಸುವುದಾದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿರಬೇಕು ಎನ್ನುತ್ತವೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು. ಒಪ್ಪಿಗೆ ಪತ್ರದ ಪ್ರತಿ ಕೈಗೆ ಸಿಗಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಇರಬೇಕು. ಕಾಗದದ ಮೇಲೆ ಇದೆಲ್ಲ ಸರಿ. ಆದರೆ 'ಪ್ಲಸೀಬೊ' ಎಂಬ ಪದವನ್ನು ಕನ್ನಡ ಲಿಪಿಗೆ ಇಳಿಸಿದ ಮಾತ್ರಕ್ಕೆ ಅದು ಅರ್ಥವಾಗುವುದಿಲ್ಲ. ಮೂರನೇ ಹಂತದಲ್ಲಿ ಅರ್ಧದಷ್ಟು ಮಂದಿಗೆ ಸಿಗುವುದು ಲಸಿಕೆಯೇ ಅಲ್ಲ ಎಂದು ಬಿಡಿಸಿ ಹೇಳಬೇಕು. 2021ರ ಜನವರಿಯಲ್ಲಿ ಭೋಪಾಲದ ಅನಿಲ ದುರಂತ ಸಂತ್ರಸ್ತರಲ್ಲಿ ಕೆಲವರು, ತಾವು ಪ್ರಯೋಗಕ್ಕೆ ಸೇರಿದ್ದೇ ತಿಳಿದಿರಲಿಲ್ಲ ಎಂದು ದೂರಿದ್ದರು. ಆಸ್ಪತ್ರೆ ಅದನ್ನು ಅಲ್ಲಗಳೆದಿತ್ತು.

ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶ ಪರಿಹಾರದ ಲೆಕ್ಕ. ಪ್ರಯೋಗದಿಂದಲೇ ಸಾವು ಸಂಭವಿಸಿತೆಂದು ನಿರ್ಧಾರವಾದರೆ 8 ಲಕ್ಷ ರೂಪಾಯಿ ಮೂಲ ಮೊತ್ತವನ್ನು ವಯಸ್ಸು ಹಾಗೂ ಆರೋಗ್ಯ ಸ್ಥಿತಿಯ ಅಂಶಗಳಿಂದ ಗುಣಿಸಲಾಗುತ್ತದೆ. ಈ ಸೂತ್ರದಂತೆ 25 ವರ್ಷದ ಆರೋಗ್ಯವಂತನಿಗೆ ಸುಮಾರು 70 ಲಕ್ಷ ರೂಪಾಯಿ ದೊರೆತರೆ, 65 ತುಂಬಿದ ಆರೋಗ್ಯವಂತರಿಗೆ ದೊರೆಯುವುದು 32 ಲಕ್ಷ. ವಯಸ್ಸಿನ ಅಂಶವನ್ನು ಕಾರ್ಮಿಕ ಪರಿಹಾರ ಕಾಯ್ದೆಯಿಂದ ಎರವಲು ಪಡೆಯಲಾಗಿದೆ. ಅಲ್ಲಿ ದುಡಿಮೆಯ ಉಳಿದ ವರ್ಷಗಳಿಗೇ ಬೆಲೆ. ದೇವದುರ್ಗದ ತಾಂಡಾಗಳಲ್ಲಿ ಮಕ್ಕಳು ಬೆಂಗಳೂರು, ಪುಣೆಗೆ ಗುಳೆ ಹೋದಾಗ ಮನೆ, ಮೊಮ್ಮಕ್ಕಳು, ದನಕರುಗಳನ್ನು ಕಾಯುವವರು ಇದೇ ವೃದ್ಧರು. ಆ ದುಡಿಮೆ ಸೂತ್ರದೊಳಗೆ ಬರುವುದಿಲ್ಲ.

ಆದ್ದರಿಂದ ಮುಂದೊಂದು ದಿನ ಪ್ರಯೋಗದ ಕರೆ ಬಂದಾಗ ಹಿರಿಯರು ಹಿಂಜರಿದರೆ ಅದನ್ನು ಅಜ್ಞಾನ ಎನ್ನಲಾಗದು. ಪ್ರಯಾಣದ ಖರ್ಚು ಯಾರದು, ಪ್ಲಸೀಬೊ ಸಿಕ್ಕವರಿಗೆ ನಂತರ ಲಸಿಕೆ ಉಂಟೇ, ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಯಾವುದು ಎಂದು ಅವರು ಕೇಳಲೇಬೇಕು. ಜ್ವರ ಬಂದರೆ ರಾತ್ರಿ ಹೊತ್ತು ಮಾನ್ವಿಯಲ್ಲಿ ನೋಡುವ ವೈದ್ಯರು ಯಾರು ಎಂಬುದು ಇವೆಲ್ಲಕ್ಕಿಂತ ಮುಖ್ಯ.

ಇದಕ್ಕೆ ಉತ್ತರ ಸಿಗಬೇಕಾದರೆ ಕೇಂದ್ರ ಹತ್ತಿರದಲ್ಲಿರಬೇಕು. ರಾಯಚೂರಿನಲ್ಲಿ ರಿಮ್ಸ್ ಇದೆ, ಒಪೆಕ್ ಆಸ್ಪತ್ರೆಯ ಕಟ್ಟಡವಿದೆ. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಕೋವ್ಯಾಕ್ಸಿನ್‌ನ ಮೊದಲ ಹಂತಕ್ಕೆ ದೆಹಲಿ ಮತ್ತು ಪಟ್ನಾದ ಏಮ್ಸ್‌ಗಳೂ ಕೇಂದ್ರಗಳಾಗಿದ್ದವು ಎಂಬ ಸಂಗತಿಯೂ ಆ ಬೇಡಿಕೆಯ ಪಟ್ಟಿಗೆ ಸೇರಬೇಕಾದದ್ದು.